ಕ್ಯುರಾರೆ: ಒಂದು ಬಾಣವಿಷದ ವೈಜ್ಞಾನಿಕ ಇತಿಹಾಸ

ಕ್ಯುರಾರೆ ಎಂಬುದು ದಕ್ಷಿಣ ಅಮೆರಿಕದ ಅಮೆಜಾನ್ ಮತ್ತು ಒರಿನೋಕೊ ನದಿಗಳ ಮಳೆಕಾಡುಗಳಲ್ಲಿ ಅಲ್ಲಿನ ಮೂಲನಿವಾಸಿಗಳು ಬಳ್ಳಿಗಳ ತೊಗಟೆಯಿಂದ ತಯಾರಿಸುವ ಬಾಣವಿಷ. ಊದುಕೊಳವೆಯ ಪುಟ್ಟ ಬಾಣ ಕೋತಿಗೆ ನಾಟಿದರೆ ಅದರ ಸ್ನಾಯುಗಳು ಸಡಿಲಗೊಂಡು, ಕೊಂಬೆಯ ಹಿಡಿತ ತಪ್ಪಿ ನೆಲಕ್ಕೆ ಬೀಳುತ್ತದೆ. ಜಠರದ ಮೂಲಕ ಈ ವಿಷ ರಕ್ತಕ್ಕೆ ಅಷ್ಟಾಗಿ ಸೇರುವುದಿಲ್ಲ. ಹಾಗಾಗಿ ಬೇಟೆಯ ಮಾಂಸವನ್ನು ನಿಶ್ಚಿಂತೆಯಿಂದ ತಿನ್ನಬಹುದು. ಇದರ ಮುಖ್ಯ ಆಕರಗಳಲ್ಲಿ ಕಾಂಡ್ರೊಡೆಂಡ್ರಾನ್ ಟೊಮೆಂಟೋಸಮ್ ಎಂಬ ಬಳ್ಳಿ ನಮ್ಮ ಅಮೃತಬಳ್ಳಿಯ ಕುಟುಂಬಕ್ಕೆ ಸೇರಿದ್ದು. ಸ್ಟ್ರಿಕ್ನೋಸ್ ಟಾಕ್ಸಿಫೆರಾ ನಮ್ಮ ಕಾಸರಕದ ಹತ್ತಿರದ ಬಂಧು. ಆದರೆ ಕಾಸರಕದ ಬೀಜದ ಸ್ಟ್ರಿಕ್ನಿನ್ ಮೈಯನ್ನು ಸೆಟೆಸಿದರೆ, ಅದರ ಈ ಅಮೆರಿಕದ ಬಂಧು ಸಡಿಲಿಸುತ್ತದೆ.

ವಿಷದ ತಯಾರಿಯನ್ನು ಕಣ್ಣಾರೆ ಕಂಡು ವಿವರವಾಗಿ ಬರೆದವರಲ್ಲಿ ಅಲೆಕ್ಸಾಂಡರ್ ಫಾನ್ ಹಂಬೋಲ್ಟ್ ಪ್ರಮುಖರು. 1800ರಲ್ಲಿ ಮೇಲಿನ ಒರಿನೋಕೊ ದಡದ ಎಸ್ಮೆರಾಲ್ಡಾದಲ್ಲಿ ಅವರು ‘ವಿಷದ ಒಡೆಯ’ ಎಂದೇ ಹೆಸರಾಗಿದ್ದ ವೃದ್ಧರೊಬ್ಬರನ್ನು ಕಂಡರು. ಆ ವೃದ್ಧರು ಬಳ್ಳಿಯ ತೊಗಟೆಯನ್ನು ಹೆರೆದು ಜಜ್ಜಿ, ಎಲೆಯನ್ನು ಸುತ್ತಿ ಮಾಡಿದ ಆಲಿಕೆಯಲ್ಲಿ ತುಂಬಿ, ಮೇಲೆ ತಣ್ಣೀರು ಸುರಿಯುತ್ತಿದ್ದರು. ಹನಿಹನಿಯಾಗಿ ಇಳಿದ ಹಳದಿ ನೀರನ್ನು ಮಣ್ಣಿನ ಪಾತ್ರೆಯಲ್ಲಿ ಕಾಯಿಸಿ ಗಟ್ಟಿ ಮಾಡುತ್ತಿದ್ದರು. ಹದ ಬಂದಿತೋ ಇಲ್ಲವೋ ಎಂದು ನೋಡಲು ಆಗಾಗ ನಾಲಿಗೆಗೆ ಹಚ್ಚಿ ಕಹಿಯನ್ನು ಅಳೆಯುತ್ತಿದ್ದರು. ಬಾಯಲ್ಲಿ ಗಾಯವಿಲ್ಲದಿದ್ದರೆ ಅಪಾಯವಿಲ್ಲ ಎಂಬುದು ಅವರಿಗೆ ಗೊತ್ತಿತ್ತು. ಕೊನೆಗೆ ಬಾಣದ ಮೊನೆಗೆ ಅಂಟಲೆಂದು ಇನ್ನೊಂದು ಗಿಡದ ಅಂಟುರಸವನ್ನು ಬೆರೆಸುತ್ತಿದ್ದರು. ಕ್ಯುರಾರೆಯ ಚರಿತ್ರೆಯನ್ನು ಯೂರೋಪಿನ ಪ್ರಯೋಗಶಾಲೆಗಳಿಂದ ಆರಂಭಿಸುವ ರೂಢಿಯಿದೆ. ಸಾರ ತೆಗೆಯುವುದು, ಸಾಂದ್ರಗೊಳಿಸುವುದು, ಪರೀಕ್ಷಿಸುವುದು ಎಲ್ಲವೂ ಈ ವೃದ್ಧರ ಕೈಯಲ್ಲಿ ಆಗಲೇ ಪಕ್ವವಾಗಿದ್ದುದರಿಂದ ಆ ರೂಢಿ ನ್ಯಾಯವಾದದ್ದಲ್ಲ.

ವಿಷ ಕೊಲ್ಲುವುದು ಉಸಿರಾಟ ನಿಲ್ಲಿಸಿ ಎಂಬುದನ್ನು ಇಂಗ್ಲೆಂಡಿನ ಬೆಂಜಮಿನ್ ಬ್ರೋಡಿ ತೋರಿಸಿದರು. 1814ರಲ್ಲಿ ಲಂಡನ್ನಿನಲ್ಲಿ ಒಂದು ಹೆಣ್ಣು ಕತ್ತೆಗೆ ವಿಷ ನೀಡಲಾಯಿತು. ಅದು ಕುಸಿದ ಮೇಲೆ ಶ್ವಾಸನಾಳವನ್ನು ಸೀಳಿ, ತಿದಿಯಿಂದ ಗಾಳಿ ಊದುತ್ತಲೇ ಇದ್ದರು. ವಿಷದ ಪ್ರಭಾವ ಇಳಿದು ಕತ್ತೆ ಎದ್ದು ನಿಂತಿತು. ಗಯಾನಾದಿಂದ ವಿಷ ತಂದಿದ್ದ ಚಾರ್ಲ್ಸ್ ವಾಟರ್‌ಟನ್ ಅದನ್ನು ತಮ್ಮ ಎಸ್ಟೇಟಿನಲ್ಲಿ ಕೊನೆಯವರೆಗೂ ಸಾಕಿದರು. ಮುಂದೆ ಫ್ರಾನ್ಸಿನ ಕ್ಲಾಡ್ ಬರ್ನಾರ್ಡ್ ಕಪ್ಪೆಗಳ ಮೇಲೆ ಪ್ರಯೋಗ ನಡೆಸಿದರು. ನರವನ್ನು ಪ್ರಚೋದಿಸಿದರೆ ಸ್ನಾಯು ಅಲುಗಲಿಲ್ಲ. ಸ್ನಾಯುವಿಗೇ ವಿದ್ಯುತ್ ಮುಟ್ಟಿಸಿದರೆ ಸಂಕುಚಿಸಿತು. ಹಾಗಾದರೆ ವಿಷ ತಡೆಯುವುದು ನರದ ಆಜ್ಞೆ ಸ್ನಾಯುವಿಗೆ ದಾಟುವ ಎಡೆಯನ್ನು. ಶರೀರಕ್ರಿಯಾವಿಜ್ಞಾನಕ್ಕೆ ಕಾಡು ಕೊಟ್ಟ ಬಹು ದೊಡ್ಡ ಕಾಣಿಕೆ ಇದು.

ಯಾವ ಗಿಡದಿಂದ ಯಾವ ವಿಷ ಎಂಬುದು ಮಾತ್ರ ಬಹುಕಾಲ ಬಗೆಹರಿಯಲಿಲ್ಲ. ವಿಷ ತುಂಬಿಡುತ್ತಿದ್ದ ಬಿದಿರಿನ ಕೊಳವೆ, ಮಡಕೆ, ಸೋರೆಬುರುಡೆಗಳ ಮೇಲೆಯೇ ಅದನ್ನು ವರ್ಗೀಕರಿಸಿದ್ದರು. 1935ರಲ್ಲಿ ಲಂಡನ್ನಿನ ಹೆರಾಲ್ಡ್ ಕಿಂಗ್ ಟ್ಯೂಬೊಕ್ಯುರಾರಿನ್ ಅನ್ನು ಶುದ್ಧರೂಪದಲ್ಲಿ ಬೇರ್ಪಡಿಸಿದ್ದು ಸಂಗ್ರಹಾಲಯದಲ್ಲಿದ್ದ ಹಳೆಯ ಮಾದರಿಯಿಂದ. ಅದು ಕಾಂಡ್ರೊಡೆಂಡ್ರಾನ್ ಬಳ್ಳಿಯದೆಂದು 1943ರಲ್ಲಿ ಖಚಿತವಾಯಿತು.

ಅಷ್ಟರಲ್ಲಿ ರಿಚರ್ಡ್ ಗಿಲ್ 1938ರಲ್ಲಿ ಎಕ್ವಡೋರ್‌ನಿಂದ ಅಮೆರಿಕಕ್ಕೆ ಸಾಕಷ್ಟು ಕ್ಯುರಾರೆ ತಂದಿದ್ದರು. ಅದುವರೆಗೆ ಶಸ್ತ್ರಚಿಕಿತ್ಸೆಯಲ್ಲಿ ಹೊಟ್ಟೆಯ ಸ್ನಾಯುಗಳು ಸಡಿಲಗೊಳ್ಳಬೇಕಾದರೆ ಈಥರ್‌ನಂಥ ಅರಿವಳಿಕೆಯನ್ನು ಅಪಾಯದ ಅಂಚಿನವರೆಗೆ ಕೊಡಬೇಕಿತ್ತು. 1942ರ ಜನವರಿ 23ರಂದು ಮಾಂಟ್ರಿಯಲ್‌ನಲ್ಲಿ ಹೆರಾಲ್ಡ್ ಗ್ರಿಫಿತ್ ಮತ್ತು ಎನಿಡ್ ಜಾನ್ಸನ್ ಅಪೆಂಡಿಕ್ಸ್ ಶಸ್ತ್ರಚಿಕಿತ್ಸೆಯೊಂದರಲ್ಲಿ ಕ್ಯುರಾರೆ ಬಳಸಿ ಆ ಸಂಕಟ ನೀಗಿಸಿದರು. ಆದರೆ ಇದು ನೋವನ್ನಾಗಲಿ ಎಚ್ಚರವನ್ನಾಗಲಿ ಕಳೆಯುವ ಮದ್ದಲ್ಲ. ಸ್ಕಾಟ್ ಸ್ಮಿತ್ ಎಂಬ ವೈದ್ಯರು ತಮ್ಮ ಮೈಯನ್ನೇ ಒಡ್ಡಿ ಇದನ್ನು ಸಾಬೀತುಪಡಿಸಿದರು: ಒಂದು ಬೆರಳೂ ಅಲುಗದ ಸ್ಥಿತಿಯಲ್ಲಿ ಸುತ್ತಲಿನದೆಲ್ಲ ಅವರಿಗೆ ಸ್ಪಷ್ಟವಾಗಿ ತಿಳಿಯುತ್ತಿತ್ತು. 1947ರಲ್ಲಿ ಪ್ರಕಟವಾದ ಆ ವರದಿಯ ಎಚ್ಚರಿಕೆ ಇಂದಿಗೂ ಪ್ರತಿ ಆಪರೇಷನ್ ಥಿಯೇಟರಿಗೂ ಅನ್ವಯಿಸುತ್ತದೆ.

ಕ್ಯುರಾರೆಯ ತಿಳಿವಳಿಕೆ ರೋಗವೊಂದರ ಚಿಕಿತ್ಸೆಗೂ ದಾರಿ ತೋರಿತು. ಸ್ನಾಯುಗಳು ಸೋತು ಕಣ್ಣುರೆಪ್ಪೆ ಇಳಿಬೀಳುವ ಮಯಸ್ತೀನಿಯಾ ಗ್ರೇವಿಸ್ ಕ್ಯುರಾರೆ ವಿಷಬಾಧೆಯನ್ನೇ ಹೋಲುತ್ತದೆಂದು ಮೇರಿ ವಾಕರ್ 1934ರಲ್ಲಿ ಗುರುತಿಸಿ, ಕ್ಯುರಾರೆಯ ಪ್ರತಿವಿಷವಾದ ಫೈಸೊಸ್ಟಿಗ್ಮಿನ್ ಕೊಟ್ಟು ರೋಗಿಗೆ ತಾತ್ಕಾಲಿಕ ಬಲ ತಂದರು. ಆ ಪ್ರತಿವಿಷವೂ ಪಶ್ಚಿಮ ಆಫ್ರಿಕದ ಕ್ಯಾಲಬಾರ್ ಬೀಜದ್ದು.

ಕೃತಕ ಸ್ನಾಯುಸಡಿಲಕಗಳ ಕೆಲಸವೂ ಸೇರಿದಂತೆ ತಮ್ಮ ಸಂಶೋಧನೆಗಳಿಗಾಗಿ ಡೇನಿಯಲ್ ಬೊವೆ 1957ರಲ್ಲಿ ನೊಬೆಲ್ ಪಡೆದರು. ಟ್ಯೂಬೊಕ್ಯುರಾರಿನ್ ಅಣುವಿನಲ್ಲಿ ಎರಡು ಸಾರಜನಕ ಪರಮಾಣುಗಳ ಮೇಲೆ ಶಾಶ್ವತ ಧನಾವೇಶವಿದೆ ಎಂದು ಕಿಂಗ್ ಭಾವಿಸಿದ್ದರು. ಅದು ಇರುವುದು ಒಂದರ ಮೇಲೆ ಮಾತ್ರ ಎಂದು 1970ರಲ್ಲಿ ತಿಳಿದುಬಂತು. ಅಷ್ಟು ಹೊತ್ತಿಗೆ ಕಿಂಗ್ ಬರೆದ ರಚನೆಯನ್ನೇ ಮಾದರಿಯಾಗಿ ಹಿಡಿದು ರೂಪಿಸಿದ ಡೆಕಮೆಥೋನಿಯಂನಂಥ ಔಷಧಗಳು ಬಳಕೆಗೆ ಬಂದಾಗಿತ್ತು.