ಮದರ್‌ಬೋರ್ಡ್ ಮತ್ತು ಮೆಮೊರಿ ಹೊಂದಾಣಿಕೆ

ಮೆಮೊರಿ ಮಾಡ್ಯೂಲೊಂದು ಮದರ್‌ಬೋರ್ಡಿಗೆ ಹೊಂದುತ್ತದೆಯೇ ಎಂಬುದು ಐದು ಅಂಶಗಳನ್ನು ಅವಲಂಬಿಸಿದೆ: ತಲೆಮಾರು, ಆಕಾರ, ವಿಧ, ಸಾಮರ್ಥ್ಯ ಮತ್ತು ವೇಗ. ತಲೆಮಾರು ಅಥವಾ ಆಕಾರ ಬೇರೆಯಾದರೆ ಮಾಡ್ಯೂಲ್ ಸ್ಲಾಟಿನಲ್ಲಿ ಕೂರುವುದೇ ಇಲ್ಲ. ವೇಗದ ವ್ಯತ್ಯಾಸ ಮಾತ್ರ ಹೆಚ್ಚಿನ ಸಂದರ್ಭಗಳಲ್ಲಿ ತಾನಾಗಿಯೇ ಸರಿಹೋಗುತ್ತದೆ.

ತಲೆಮಾರು: ಮೆಮೊರಿಯ ಮಾನಕಗಳನ್ನು ಜೆಡೆಕ್ ಸಂಸ್ಥೆ ರೂಪಿಸುತ್ತದೆ. ಡಿಡಿಆರ್3 1.5 ವೋಲ್ಟ್, ಡಿಡಿಆರ್4 1.2 ವೋಲ್ಟ್ ಹಾಗೂ 2020ರಲ್ಲಿ ಮಾನಕ ಪ್ರಕಟವಾದ ಡಿಡಿಆರ್5 1.1 ವೋಲ್ಟ್‌ನಲ್ಲಿ ಕೆಲಸ ಮಾಡುತ್ತವೆ. ಡೆಸ್ಕ್‌ಟಾಪ್‌ನ ಡಿಡಿಆರ್4 ಮತ್ತು ಡಿಡಿಆರ್5 ಮಾಡ್ಯೂಲ್‌ಗಳೆರಡಕ್ಕೂ 288 ಪಿನ್‌ಗಳಿವೆ. ಆದರೆ ಅಂಚಿನ ಕಚ್ಚು ಇರುವ ಜಾಗ ಬೇರೆಯಾದ್ದರಿಂದ ಒಂದರ ಸ್ಲಾಟಿಗೆ ಇನ್ನೊಂದು ಇಳಿಯದು. ಒತ್ತಿ ಕೂರಿಸಲು ಹೋದರೆ ಸ್ಲಾಟ್ ಮುರಿಯಬಹುದು. ಡಿಡಿಆರ್3ಎಲ್ ಎಂಬ 1.35 ವೋಲ್ಟ್‌ನ ಉಪವಿಧವೂ ಇದೆ. ಅದನ್ನೇ ಬೇಡುವ ಲ್ಯಾಪ್‌ಟಾಪ್‌ಗಳಲ್ಲಿ 1.5 ವೋಲ್ಟ್‌ನ ಮಾಡ್ಯೂಲ್ ಕೆಲಸ ಮಾಡುವುದಿಲ್ಲ.

ಇಂದಿನ ಕಂಪ್ಯೂಟರ್‌ಗಳಲ್ಲಿ ಮೆಮೊರಿ ನಿಯಂತ್ರಕವು ಪ್ರೊಸೆಸರಿನೊಳಗೇ ಇರುವುದರಿಂದ ಪ್ರೊಸೆಸರಿನ ಮಿತಿಯನ್ನೂ ನೋಡಬೇಕಾಗುತ್ತದೆ. ಎಎಮ್‌ಡಿಯ ಎಎಮ್4 ಸಾಕೆಟ್ ಡಿಡಿಆರ್4ಗೂ ಎಎಮ್5 ಸಾಕೆಟ್ ಡಿಡಿಆರ್5ಗೂ ಮೀಸಲು. 2021ರಲ್ಲಿ ಬಂದ ಇಂಟೆಲ್‌ನ 12ನೇ ತಲೆಮಾರಿನ ಡೆಸ್ಕ್‌ಟಾಪ್ ಪ್ರೊಸೆಸರ್‌ಗಳು ಎರಡನ್ನೂ ಬಲ್ಲವು. ಆದರೆ ಅವುಗಳ ಬಹುತೇಕ ಮದರ್‌ಬೋರ್ಡ್‌ಗಳಲ್ಲಿ ಯಾವುದಾದರೂ ಒಂದರ ಸ್ಲಾಟ್‌ಗಳಷ್ಟೇ ಇರುತ್ತವೆ.

ಆಕಾರ ಮತ್ತು ವಿಧ: ಡೆಸ್ಕ್‌ಟಾಪ್‌ಗಳಲ್ಲಿ ಸುಮಾರು 133 ಮಿ.ಮೀ. ಉದ್ದದ ಡಿಮ್, ಲ್ಯಾಪ್‌ಟಾಪ್ ಮತ್ತು ಮಿನಿ ಪಿಸಿಗಳಲ್ಲಿ ಸುಮಾರು 68 ಮಿ.ಮೀ. ಉದ್ದದ ಸೋ-ಡಿಮ್ ಬಳಕೆಯಲ್ಲಿವೆ. ತೆಳುವಾದ ಅನೇಕ ಲ್ಯಾಪ್‌ಟಾಪ್‌ಗಳಲ್ಲಿ ಮೆಮೊರಿಯನ್ನು ಬೋರ್ಡಿಗೇ ಬೆಸೆದಿರುವುದರಿಂದ ಅದನ್ನು ಬದಲಿಸಲಾಗದು. ಸರ್ವರ್‌ಗಳ ರಿಜಿಸ್ಟರ್ಡ್ ಮಾಡ್ಯೂಲ್‌ಗಳು ಸಾಮಾನ್ಯ ಡೆಸ್ಕ್‌ಟಾಪ್ ಬೋರ್ಡ್‌ಗಳಲ್ಲಿ ಕೆಲಸ ಮಾಡುವುದಿಲ್ಲ. ಹಳೆಯ ಸರ್ವರ್‌ಗಳಿಂದ ತೆಗೆದು ಅಗ್ಗವಾಗಿ ಮಾರುವ ಮಾಡ್ಯೂಲ್‌ಗಳನ್ನು ಕೊಳ್ಳುವಾಗ ಇದನ್ನು ಮರೆಯಬಾರದು. ದೋಷ ತಿದ್ದುವ ಇಸಿಸಿ ಸೌಲಭ್ಯ ಕೆಲಸ ಮಾಡಬೇಕಾದರೆ ಬೋರ್ಡ್ ಮತ್ತು ಪ್ರೊಸೆಸರ್ ಎರಡರ ಬೆಂಬಲವೂ ಬೇಕು.

ಸಾಮರ್ಥ್ಯ: ಮದರ್‌ಬೋರ್ಡಿನ ಒಟ್ಟು ಮಿತಿಯಂತೆಯೇ ಪ್ರತಿ ಸ್ಲಾಟಿನ ಮಿತಿಯೂ ಮುಖ್ಯ. ಒಟ್ಟು 64 ಜಿಬಿ ತಾಳುವ, ನಾಲ್ಕು ಸ್ಲಾಟ್‌ಗಳ ಬೋರ್ಡ್ ಒಂದೊಂದರಲ್ಲಿ 16 ಜಿಬಿಯನ್ನಷ್ಟೇ ಒಪ್ಪಬಹುದು. 24 ಹಾಗೂ 48 ಜಿಬಿಯ ಡಿಡಿಆರ್5 ಮಾಡ್ಯೂಲ್‌ಗಳನ್ನು ಗುರುತಿಸಲು ಮೊದಮೊದಲ ಡಿಡಿಆರ್5 ಬೋರ್ಡ್‌ಗಳಿಗೆ ಬಯೋಸ್ ನವೀಕರಣ ಬೇಕಾಯಿತು. ವಿಂಡೋಸ್‌ನ ಸಾಮಾನ್ಯ 32 ಬಿಟ್ ಆವೃತ್ತಿಗಳು 4 ಜಿಬಿಗಿಂತ ಹೆಚ್ಚಿನ ಮೆಮೊರಿಯನ್ನು ಬಳಸಲಾರವು.

ವೇಗ: 3200 ವೇಗದ ಡಿಡಿಆರ್4 ಮಾಡ್ಯೂಲನ್ನು 2666ರ ಮಿತಿಯಿರುವ ವ್ಯವಸ್ಥೆಯಲ್ಲಿ ಹಾಕಿದರೆ ಅದು ಸಾಮಾನ್ಯವಾಗಿ 2666ರಲ್ಲಿ ಓಡುತ್ತದೆ. ಬೇರೆಬೇರೆ ವೇಗದವನ್ನು ಜೊತೆಗೂಡಿಸಿದರೆ ಎಲ್ಲವೂ ನಿಧಾನವಾದುದರ ವೇಗಕ್ಕೆ ಇಳಿಯುತ್ತವೆ. ಜೆಡೆಕ್ ಮಾನಕಕ್ಕಿಂತ ಹೆಚ್ಚಿನ ವೇಗ ಪಡೆಯಲು ಬಯೋಸ್‌ನಲ್ಲಿ ಇಂಟೆಲ್‌ನ ಎಕ್ಸ್‌ಎಂಪಿ ಅಥವಾ ಎಎಮ್‌ಡಿಯ ಎಕ್ಸ್‌ಪೋ ಪ್ರೊಫೈಲನ್ನು ಆರಿಸಬೇಕು. ಎರಡರ ಬದಲು ನಾಲ್ಕು ಮಾಡ್ಯೂಲ್ ತುಂಬಿದಾಗ ನಿಯಂತ್ರಕದ ಮೇಲೆ ಹೊರೆ ಹೆಚ್ಚಿ, ತಲುಪಬಹುದಾದ ಗರಿಷ್ಠ ವೇಗ ಕುಗ್ಗುವುದುಂಟು.

ಪರಿಶೀಲಿಸುವ ಕ್ರಮ: ಮೊದಲಿಗೆ ಬೋರ್ಡಿನ ಮಾದರಿ ಸಂಖ್ಯೆಯನ್ನು ತಿಳಿಯಬೇಕು. ಅದು ಬೋರ್ಡಿನ ಮೇಲೆ ಮುದ್ರಿತವಾಗಿರುತ್ತದೆ; ಸಿಪಿಯು-ಝಡ್ ತಂತ್ರಾಂಶದಲ್ಲೂ ಲಿನಕ್ಸ್‌ನ ಡಿಎಂಐಡಿಕೋಡ್ ಆದೇಶದಲ್ಲೂ ಸಿಗುತ್ತದೆ. ವಿಂಡೋಸ್‌ನ ಟಾಸ್ಕ್ ಮ್ಯಾನೇಜರ್ ಈಗಿರುವ ಮೆಮೊರಿಯ ವೇಗವನ್ನೂ ಎಷ್ಟು ಸ್ಲಾಟ್‌ಗಳು ಬಳಕೆಯಲ್ಲಿವೆ ಎಂಬುದನ್ನೂ ತೋರಿಸುತ್ತದೆ. ಬಳಿಕ ತಯಾರಕರ ಕೈಪಿಡಿಯನ್ನೂ ಪರೀಕ್ಷಿತ ಮಾಡ್ಯೂಲ್‌ಗಳ ಪಟ್ಟಿಯನ್ನೂ ನೋಡಬೇಕು. ಪಟ್ಟಿಯಲ್ಲಿಲ್ಲದ ಮಾಡ್ಯೂಲ್ ಕೆಲಸ ಮಾಡುವುದೇ ಇಲ್ಲ ಎಂದೇನಿಲ್ಲ. ಪಟ್ಟಿಯಲ್ಲಿದ್ದರೆ ಭರವಸೆ ಹೆಚ್ಚು. ಕೊನೆಗೆ ಮಾಡ್ಯೂಲಿನ ಲೇಬಲ್ ಓದಬೇಕು. ‘ಪಿಸಿ4’ ಎಂದರೆ ಡಿಡಿಆರ್4. ‘ಪಿಸಿ4-25600’ ಎಂಬುದರಲ್ಲಿ 25600 ಸೆಕೆಂಡಿಗೆ ಸಾಗುವ ಮೆಗಾಬೈಟ್‌ಗಳ ಸಂಖ್ಯೆ. ಅದನ್ನು 8ರಿಂದ ಭಾಗಿಸಿದರೆ 3200 ಎಂಬ ವೇಗ ಸಿಗುತ್ತದೆ.

ಎರಡು ಮಾಡ್ಯೂಲ್‌ಗಳನ್ನು ಜೋಡಿಸುವಾಗ ಕೈಪಿಡಿ ಸೂಚಿಸಿದ ಸ್ಲಾಟ್‌ಗಳಲ್ಲೇ ಕೂರಿಸಿದರೆ ಡ್ಯುಯಲ್ ಚಾನೆಲ್‌ನ ಲಾಭ ದೊರೆಯುತ್ತದೆ. ಒಂದೇ ಪೊಟ್ಟಣದಲ್ಲಿ ಜೋಡಿಯಾಗಿ ಬಂದ ಮಾಡ್ಯೂಲ್‌ಗಳು ಇದಕ್ಕೆ ಹೆಚ್ಚು ಸೂಕ್ತ. ಜೋಡಣೆಯ ನಂತರ ಬಯೋಸ್‌ನಲ್ಲಿ ಪೂರ್ಣ ಸಾಮರ್ಥ್ಯ ಮತ್ತು ವೇಗ ಕಾಣಿಸುತ್ತಿವೆಯೇ ಎಂದು ನೋಡಿ, ಮೆಮ್‌ಟೆಸ್ಟ್86ರಂತಹ ತಂತ್ರಾಂಶದಿಂದ ಪರೀಕ್ಷಿಸಿದರೆ ಕಂಪ್ಯೂಟರ್ ಆರಂಭವಾದರೂ ಒಳಗೆ ಉಳಿದಿರಬಹುದಾದ ದೋಷಗಳು ಪತ್ತೆಯಾಗುತ್ತವೆ.