ಭಾಗ 4 | ಗುಡುಗು ತಡೆಯುವ ಡಬ್ಬಿ

ಕಡಿಯಾಳಿಯಲ್ಲಿ ನಿಂತು ಒಮ್ಮೆ ಕಿವಿ ಕೊಡಿ. ಮಹಿಷಮರ್ದಿನಿ ದೇವಸ್ಥಾನದ ಗಂಟೆ, ಮಣಿಪಾಲ ಬಸ್ಸಿನ ಹಾರ್ನ್. ಇದೇ ರಸ್ತೆ ಅಗಲ ಮಾಡುವಾಗ ಕೇಳಿದ ಹಿಟಾಚಿಗಳ ಸದ್ದು ನೆನಪುಂಟಾ? (ಕಂಪನಿ ಯಾವುದೇ ಇರಲಿ, ನಮಗೆ ಅದು ಹಿಟಾಚಿಯೇ ಅಲ್ವಾ 😄)

ಆ ಸದ್ದು ತಡೆಯುವ ಸೈಲೆನ್ಸರಿಗೂ ಒಂದು ಚರಿತ್ರೆ ಉಂಟು.

1897ರಲ್ಲಿ ಅಮೆರಿಕದ ರೀವ್ಸ್ ಸಹೋದರರು ಎಂಜಿನ್ ಮಫ್ಲರಿಗೆ ಪೇಟೆಂಟ್ ಪಡೆದರು. 1909ರಲ್ಲಿ ಹೈರಮ್ ಪರ್ಸಿ ಮ್ಯಾಕ್ಸಿಮ್ ಬಂದೂಕಿನ ಸೈಲೆನ್ಸರಿಗೆ ಪೇಟೆಂಟ್ ಪಡೆದ. ಆಮೇಲೆ ಅವನ ಕಂಪನಿ ಎಂಜಿನ್‌ಗಳಿಗೂ ಸೈಲೆನ್ಸರ್ ಮಾಡಿತು. ತಮಾಷೆ ನೋಡಿ, ಅವನ ಅಪ್ಪ ಮೆಷಿನ್ ಗನ್ ಕಂಡುಹಿಡಿದವನು. ಆ ಸದ್ದಿನಲ್ಲೇ ಬದುಕಿ ಕಿವಿ ಕಳೆದುಕೊಂಡವನು.

ನಮ್ಮ ರಾಜ್ಯಕ್ಕೆ ಬನ್ನಿ. 1964ರಲ್ಲಿ ಬೆಮೆಲ್ ಹುಟ್ಟಿತು, ಕೆಜಿಎಫ್‌ನಲ್ಲಿ ಬುಲ್ಡೋಜರ್ ತಯಾರಾಯಿತು. ಯಂತ್ರ ಬಂದು ಎಷ್ಟೋ ವರ್ಷಗಳ ಮೇಲೆ ಸದ್ದಿಗೆ ಕಾನೂನು ಬಂತು: 2000ದ ಶಬ್ದಮಾಲಿನ್ಯ ನಿಯಮ. ವಸತಿ ಪ್ರದೇಶಕ್ಕೆ ಹಗಲು 55, ರಾತ್ರಿ 45 ಡೆಸಿಬಲ್. 2010ರ ತಿದ್ದುಪಡಿಯ ಮೇಲೆ ಅಲ್ಲಿ ರಾತ್ರಿ 10ರಿಂದ ಬೆಳಿಗ್ಗೆ 6ರ ತನಕ ಸದ್ದು ಮಾಡುವ ಕಟ್ಟಡ ಯಂತ್ರ ಓಡಿಸುವಂತಿಲ್ಲ.

ಈ ನಿಯಮ ಊರಿನ ಕಿವಿ ನೋಡ್ತದೆ. ಕ್ಯಾಬಿನ್‌ನಲ್ಲಿ ದಿನವಿಡೀ ಕೂರುವ ಆಪರೇಟರ್‌ನ ಕಿವಿ ಕಾಯಲು ಮೇಂಟೆನೆನ್ಸ್ ಕೂಡ ಬೇಕು.

ಸೈಲೆನ್ಸರ್ ಒಳಗೆ ತೂತಿನ ಪೈಪು, ಕೋಣೆಗಳು. ಸದ್ದಿನ ಅಲೆ ಅಲ್ಲಿ ಒಂದಕ್ಕೊಂದು ಬಡಿದು ಕುಗ್ಗುತ್ತದೆ. ಕರಾವಳಿಯಲ್ಲಿ ಇದಕ್ಕೆ ಮೊದಲ ಶತ್ರು ತುಕ್ಕು: ಹೊರಗೆ ಉಪ್ಪುಗಾಳಿ ಮತ್ತು ಮಳೆ, ಒಳಗೆ ಹೊಗೆಯ ನೀರು. ಹಾಗಾಗಿ,

🔧 ಮಳೆಗಾಲಕ್ಕೆ ಮುಂಚೆ ಪೈಪಿನ ಮೇಲಿನ ಮಳೆಮುಚ್ಚಳ ಸಲೀಸಾಗಿ ಆಡ್ತದಾ ನೋಡಿ.
🔧 ಎಂಜಿನ್ ತಣಿದ ಮೇಲೆ ಮರದ ಸುತ್ತಿಗೆಯಲ್ಲಿ ಮೆಲ್ಲ ತಟ್ಟಿ. ಒಳಗೆ ಗಡಗಡ ಅಂದರೆ ತಗಡು ಕಳಚಿದೆ.
🔧 ಜಾಯಿಂಟಿನಲ್ಲಿ ಕಪ್ಪು ಮಸಿ ಕಂಡರೆ ಗ್ಯಾಸ್ಕೆಟ್ ಹೋಗಿದೆ. ಸದ್ದಿನ ಜೊತೆ ವಿಷದ ಹೊಗೆಯೂ ಕ್ಯಾಬಿನ್‌ಗೆ ಬಂದೀತು.
🔧 ಬಾನೆಟ್ ಒಳಗಿನ ಫೋಮ್ ಎಣ್ಣೆ ಕುಡಿದಿದ್ದರೆ ಬದಲಿಸಿ. ಅದು ಬೆಂಕಿಗೆ ಬತ್ತಿ ಇದ್ದಂತೆ.

"ಸೈಲೆನ್ಸರ್ ತೆಗೆದರೆ ಪವರ್ ಜಾಸ್ತಿ" ಅಂತ ಹೇಳುವವರಿದ್ದಾರೆ ಮಾರಾಯ್ರೆ. ಪವರ್ ಕಡಿಮೆ ಆದದ್ದು ಒಳಗೆ ಮಸಿ ಕಟ್ಟಿ ಅಂತಾದರೆ ಹೊಸತು ಹಾಕಿಸಿ. ಹೋದ ಸೈಲೆನ್ಸರಿಗೆ ಬೇರೆ ಸಿಗ್ತದೆ, ಹೋದ ಕಿವಿಗೆ ಸಿಗುವುದಿಲ್ಲ.

ನಿಮ್ಮ ಮನೆಯಲ್ಲಿ ಆಪರೇಟರ್ ಇದ್ದಾರಾ? ಇದನ್ನು ಅವರಿಗೆ ಕಳಿಸಿ. 🙏

#ಕಡಿಯಾಳಿ #ಉಡುಪಿ #ಯಂತ್ರಚರಿತ್ರೆ