ಓನರ್ ಮನೆ ಮಾರಿದರೆ ಬಾಡಿಗೆದಾರರ ಗತಿಯೇನು?

ಭಾನುವಾರ ಬೆಳಗ್ಗೆ ಓನರ್ ಫೋನ್: "ಮನೆ ಮಾರಾಟ ಆಗೋಯ್ತು, ಈ ತಿಂಗಳೊಳಗೆ ಖಾಲಿ ಮಾಡ್ಬಿಡಿ." ಬೆಂಗಳೂರಿನಲ್ಲಿ ಬಾಡಿಗೆಗಿರುವ ಬಹಳಷ್ಟು ಮಂದಿಗೆ ಈ ಕರೆ ಬಂದಿರುತ್ತೆ. ನನಗೂ ಬಂದಿತ್ತು. ಗಾಬರಿಯಲ್ಲಿ ಬ್ರೋಕರ್‌ಗೆ ಫೋನ್ ಮಾಡೋ ಮುಂಚೆ ಇಷ್ಟು ಗೊತ್ತಿರಲಿ: ಮನೆ ಮಾರಿದ ಮಾತ್ರಕ್ಕೆ ಬಾಡಿಗೆ ಕರಾರು ಮುಗಿಯಲ್ಲ.

1882ರ ಸ್ವತ್ತು ವರ್ಗಾವಣೆ ಕಾಯ್ದೆಯ 109ನೇ ಸೆಕ್ಷನ್ ಪ್ರಕಾರ ಕೊಂಡವರು ಹಳೆ ಓನರ್ ಜಾಗಕ್ಕೆ ಬಂದು ನಿಲ್ಲುತ್ತಾರೆ, ಅಷ್ಟೇ. 11 ತಿಂಗಳ ಅಗ್ರಿಮೆಂಟ್‌ನಲ್ಲಿ 5 ತಿಂಗಳು ಬಾಕಿ ಇದ್ದರೆ ಅದಕ್ಕೆ ಅವರೂ ಬದ್ಧರು. ಆದರೆ ಒಂದು ತಿಂಗಳ ನೋಟಿಸ್ ಕೊಟ್ಟು ಬಿಡಿಸಬಹುದು ಎಂಬ ಷರತ್ತಿದ್ದರೆ ಹೊಸಬರೂ ಅದನ್ನು ಬಳಸಬಹುದು. ಅಗ್ರಿಮೆಂಟ್ ಅವಧಿ ಮುಗಿದು ಸುಮ್ಮನೆ ಬಾಡಿಗೆ ಕಟ್ಟಿಕೊಂಡು ಬಂದಿದ್ದರೆ 106ನೇ ಸೆಕ್ಷನ್ನಿನ 15 ದಿನಗಳ ಲಿಖಿತ ನೋಟಿಸ್ ಸಾಕು. 1999ರ ಕರ್ನಾಟಕ ಬಾಡಿಗೆ ಕಾಯ್ದೆಯ ರಕ್ಷಣೆ ಇಲ್ವಾ ಅಂತ ಕೇಳಬಹುದು. ಬೆಂಗಳೂರಿನಲ್ಲಿ ತಿಂಗಳ ಬಾಡಿಗೆ 3,500 ರೂಪಾಯಿ ದಾಟಿದ ಮನೆಗಳಿಗೆ ಅದು ಅನ್ವಯಿಸಲ್ಲ. ಆ ದುಡ್ಡಿಗೆ ಈಗ ಕಾರು ನಿಲ್ಲಿಸೋಕೆ ಜಾಗ ಸಿಕ್ಕಿದರೆ ಪುಣ್ಯ.

ನೋಟಿಸ್ ಅವಧಿ ಮುಗಿದರೂ ಬೀಗ ಬದಲಾಯಿಸುವಂತಿಲ್ಲ, ಕರೆಂಟ್-ನೀರು ತೆಗೆಸುವಂತಿಲ್ಲ. ಕೋರ್ಟ್ ಆದೇಶ ಬೇಕು. ಬಲವಂತವಾಗಿ ಹೊರಹಾಕಿದರೆ ನಿರ್ದಿಷ್ಟ ಪರಿಹಾರ ಕಾಯ್ದೆಯ 6ನೇ ಸೆಕ್ಷನ್ ಅಡಿ 6 ತಿಂಗಳೊಳಗೆ ದಾವೆ ಹೂಡಬಹುದು.

ನಿಜವಾದ ತಲೆನೋವು ಅಡ್ವಾನ್ಸ್. ಹಳಬರು "ಹೊಸಬರ ಹತ್ರ ತಗೊಳ್ಳಿ" ಅಂತಾರೆ, ಹೊಸಬರು "ನಮಗೆ ಕೊಟ್ಟೇ ಇಲ್ಲ" ಅಂತಾರೆ. 109ನೇ ಸೆಕ್ಷನ್ ಇಲ್ಲಿ ನಿಮ್ಮ ಪರ ಇದೆ: ಹೊಸ ಓನರೇ ಹೊಣೆ ಎಂದು ನೀವಾಗಿ ಒಪ್ಪುವ ತನಕ, ಮಾರಿದ ಕಾರಣಕ್ಕೆ ಹಳಬರ ಹೊಣೆ ಕಳಚಿಕೊಳ್ಳಲ್ಲ. ಹಾಗಾಗಿ ಅಡ್ವಾನ್ಸ್ ಮೊತ್ತ ನಮೂದಿಸಿ ಮೂವರೂ ಸಹಿ ಹಾಕಿದ ಪತ್ರ ಕೈಗೆ ಬರುವವರೆಗೆ, ಹಳಬರ ಲೆಕ್ಕ ಚುಕ್ತಾ ಅಂತ ಎಲ್ಲೂ ಬರೆದುಕೊಡಬೇಡಿ. ವಾಟ್ಸಾಪ್‌ನಲ್ಲಿ "ಓಕೆ ಸರ್" ಅನ್ನೋದೂ ಬೇಡ.

ಬಾಡಿಗೆ ಯಾರಿಗೆ ಕಟ್ಟಬೇಕು? ಬರೀ ಮಾರಾಟದ ಕರಾರು ಆಗಿದ್ದರೆ ಮನೆ ಇನ್ನೂ ಹಳಬರದ್ದೇ. ನೋಂದಣಿಯಾದ ಕ್ರಯಪತ್ರದ ಪ್ರತಿ ಕೇಳಿ, ಕಾವೇರಿ ಪೋರ್ಟಲ್‌ನಲ್ಲಿ ಇಸಿ ತೆಗೆದು ನೋಡಿ. ಮಾರಾಟದ ಸುಳಿವೇ ಇಲ್ಲದೆ ಹಳಬರಿಗೆ ಕಟ್ಟಿದ್ದನ್ನು ಹೊಸಬರು ಮತ್ತೆ ಕೇಳುವಂತಿಲ್ಲ.

ಭೋಗ್ಯದವರ ಪಾಡು ಬೇರೆ. ಹತ್ತಿಪ್ಪತ್ತು ಲಕ್ಷ ಕೊಟ್ಟು ಮೂರು ವರ್ಷಕ್ಕೆ ಬರೆಸಿಕೊಂಡ ಪತ್ರಕ್ಕೆ ಸಾಮಾನ್ಯವಾಗಿ ಇರೋದು ನೋಟರಿ ಸೀಲ್ ಮಾತ್ರ. ಅದು ನೋಂದಣಿ ಅಲ್ಲ. ವರ್ಷ ಮೀರಿದ ಕರಾರು ನೋಂದಣಿಯಾಗದಿದ್ದರೆ ಆ ಮೂರು ವರ್ಷ ಅನ್ನೋದು ಕೋರ್ಟ್‌ನಲ್ಲಿ ನಿಲ್ಲೋದು ಕಷ್ಟ. ನೋಂದಣಿಯಾಗಿದ್ದರೆ ಇಸಿಯಲ್ಲೇ ಕಾಣುತ್ತೆ, ಕೊಳ್ಳುವವರು ಗೊತ್ತಿರಲಿಲ್ಲ ಅನ್ನುವಂತಿಲ್ಲ. ಇನ್ನು, ಮನೆ ಮೇಲಿನ ಬ್ಯಾಂಕ್ ಸಾಲ ನಿಮ್ಮ ಭೋಗ್ಯಕ್ಕಿಂತ ಹಳೆಯದಾಗಿದ್ದರೆ ಹರಾಜಿನ ದಿನ ಬ್ಯಾಂಕಿನ ಹಕ್ಕೇ ಮುಂದು. ದುಡ್ಡು ಕೊಡುವ ಮುಂಚೆಯೇ ಇಸಿ ನೋಡಿ.